ಕಬ್ಬಿನ ಪಾಳಿ ತಪ್ಪಿಸಿದ ಒಂದು ಸಾಲು

1994ರ ಚಳಿಗಾಲ. ಆಗ ನಾನು ಬೆಳಗಾವಿಯ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ಸರ್ವಿಸ್ ಎಂಜಿನಿಯರ್. ರಾಯಬಾಗ ಭಾಗದ ಒಂದು ಸಕ್ಕರೆ ಕಾರ್ಖಾನೆಗೆ ನಾವು ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ಹಾಕಿಕೊಟ್ಟಿದ್ದೆವು. ಯಾರ ಹೊಲದ ಕಬ್ಬನ್ನು ಯಾವಾಗ ಕಡಿಯಬೇಕು ಎಂಬ ಪಾಳಿ ಅದರಲ್ಲೇ ತಯಾರಾಗುತ್ತಿತ್ತು.

ಅಲಖನೂರ ಕಡೆಯ ಪಾಳಿ ತೆಗೆಯುತ್ತಿದ್ದವನು ಆಪರೇಟರ್ ಅಶೋಕ ಕಾಂಬಳೆ. ಆ ಹಂಗಾಮಿನಲ್ಲಿ ಅಲ್ಲಿನ ಹಲವು ರೈತರ ಹೆಸರು ಪಾಳಿಯಲ್ಲಿ ಬರಲೇ ಇಲ್ಲ. ಕಬ್ಬು ಹೂ ಬಿಟ್ಟು ನಿಂತಲ್ಲೇ ಒಣಗತೊಡಗಿತು. ಅಶೋಕ ಲಂಚ ತಿಂದು ಹೆಸರು ತೆಗೆದಿದ್ದಾನೆಂದು ಸುದ್ದಿ ಹಬ್ಬಿತು. ಅಂಥವನ ಕೈಗೆ ಕಂಪ್ಯೂಟರ್ ಕೊಟ್ಟದ್ದೇ ತಪ್ಪೆಂದು ಅವನ ಜಾತಿ ಹಿಡಿದು ಆಡಿದವರೂ ಇದ್ದರು. ಒಂದು ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲೇ ಅವನನ್ನು ಕೆಡವಿ ಹೊಡೆದರು. ಅವನು ಆಸ್ಪತ್ರೆ ಸೇರಿದ. ನನಗೆ ಕರೆ ಬಂದದ್ದು ಅದಾದ ಮೇಲೆ.

ಅಶೋಕನ ಹೆಸರಿನಲ್ಲಿ ಲಾಗಿನ್ ಆಗಿ ನೋಡಿದೆ. ಪರದೆಯ ಮೇಲಿದ್ದದ್ದು ಹೋದ ವರ್ಷದ ಪಾಳಿ. ನನ್ನ ಲಾಗಿನ್‌ನಲ್ಲಿ ಈ ವರ್ಷದ್ದೇ ಸರಿಯಾಗಿ ಬಂತು. ಯುನಿಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ .profile ಎಂಬ ಒಂದು ಕಡತ ಇರುತ್ತದೆ. ನಾವು ಲಾಗಿನ್ ಆದೊಡನೆ, ನಮ್ಮ ಆಜ್ಞೆಗಳನ್ನು ನಡೆಸುವ ಶೆಲ್ ಎಂಬ ಪ್ರೋಗ್ರಾಂ ಅದನ್ನು ತಾನಾಗಿಯೇ ಓದಿ, ಅದರಲ್ಲಿ ಹೇಳಿದಂತೆ ನಡೆಯುತ್ತದೆ. ಅಶೋಕನ ಕಡತದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ತರಬೇತಿಯ ವೇಳೆ ಅಸಲಿ ಮಾಹಿತಿ ಕೆಡದಿರಲೆಂದು, ಹಳೆಯ ವರ್ಷದ ನಕಲಿನ ಮೇಲೆ ಕೆಲಸ ಮಾಡಿಸಲು ನಮ್ಮ ಸಂಸ್ಥೆಯ ತರಬೇತುದಾರ ಹಾಕಿದ್ದ ಸಾಲು ಅದು. ಹೋಗುವಾಗ ತೆಗೆದಿರಲಿಲ್ಲ. ಆ ಹಂಗಾಮಿಗೆ ಹೊಸದಾಗಿ ಕಬ್ಬು ಹಚ್ಚಿದವರ ಹೆಸರು ಆ ನಕಲಿನಲ್ಲಿ ಇರುವುದಾದರೂ ಹೇಗೆ?

ಮ್ಯಾನೇಜರರಿಗೆ ತೋರಿಸಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

“ಆಪರೇಟರಂದ ಕೈತಪ್ಪು ಅಂತ ಬರದ ಬಿಡ್ರಿ, ಸಾಹೇಬ್ರ. ನಿಮಗೂ ಛಲೋ, ನಮಗೂ ಛಲೋ.”

ಬೆಳಗಾವಿಗೆ ಫೋನ್ ಮಾಡಿದರೆ ನನ್ನ ಮೇಲಧಿಕಾರಿಯದೂ ಅದೇ ಮಾತು. ನನಗೂ ಹೆಂಡತಿ ಮಕ್ಕಳಿದ್ದರು. ಆದರೂ ಕಂಡದ್ದನ್ನು ಕಂಡಂತೆಯೇ ಬರೆದುಕೊಟ್ಟೆ.

ಅಂಗಳದಲ್ಲಿ ಮೊದಲು ಕೈಯೆತ್ತಿದವನು ಬಾಳಪ್ಪ ಎಂಬ ರೈತ. ಅವನನ್ನು ಕರೆಸಿ ಪರದೆಯ ಮೇಲೆ ಎರಡೂ ಪಾಳಿ ತೋರಿಸಿದೆ. ಈ ವರ್ಷದ ಪಾಳಿಯಲ್ಲಿದ್ದ ತನ್ನ ಹೆಸರನ್ನು ಅವನು ಎರಡು ಸಲ ಓದಿಕೊಂಡ. “ಹಂಗಾರ ಆಂವಾ ಏನೂ ಮಾಡಿದ್ದಿಲ್ಲನ್ರಿ?” ಎಂದು ಕೇಳಿದ. ಇಲ್ಲವೆಂದೆ. ಅಶೋಕನನ್ನು ನೋಡಲು ಆಸ್ಪತ್ರೆಗೆ ಹೋಗುತ್ತಿದ್ದೇನೆಂದಾಗ ತಾನೂ ಬರುವುದಾಗಿ ಹೇಳಿ ನನ್ನ ಜೊತೆ ಹೊರಟ.

ಅಶೋಕ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಬಾಳಪ್ಪ ಮಂಚದ ಪಕ್ಕ ನಿಂತು, “ತಪ್ಪಾತಪಾ, ನನ್ನ ಕಡಿಂದ ಭಾಳ ತಪ್ಪಾತು” ಎಂದ. ಅಶೋಕ ಅಲುಗಲಿಲ್ಲ. ಬಾಳಪ್ಪ ಮತ್ತೆ ಹೇಳಿದ. ಕಾಲ ಬಳಿ ಕುಳಿತಿದ್ದ ಅಶೋಕನ ಹೆಂಡತಿ ತಲೆ ಎತ್ತದೆ ಹೇಳಿದಳು:

“ಆ ಕಡೆ ನಿಂತ ಹೇಳಬ್ಯಾಡ್ರಿ. ಆ ಕಿವಿ ಹೋಗೇತಿ.”

ಕಾರ್ಖಾನೆ ಅಶೋಕನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಅವನು ಗೋದಾಮಿಗೆ ಹಾಕಿಸಿಕೊಂಡ. ಕಂಪ್ಯೂಟರ್ ಕೋಣೆಗೆ ಕಾಲಿಡಲಿಲ್ಲ. ಅಂದಿನಿಂದ ಯಾವ ಯಂತ್ರದ ದೂರು ಬಂದರೂ ನಾನು ಅದರ ಮುಂದೆ ಕುಳಿತವನನ್ನು ಮೊದಲು ಅನುಮಾನಿಸಿದ್ದಿಲ್ಲ. ಅವನು ಬಂದು ಕೂರುವ ಮುಂಚೆ ಅಲ್ಲಿ ಯಾರು ಏನು ಬರೆದಿಟ್ಟು ಹೋಗಿದ್ದಾರೆ ಎಂಬುದನ್ನು ನೋಡುತ್ತೇನೆ.