ಗಟ್ಟಿಮೇಳ ಊದದ ಮದುವೆ

ಸಿನಿಮಾದಲ್ಲಿ ನಾಯಕಿ ಕಾಡಿನಲ್ಲಿ ಕೂತು ಅಳುತ್ತಾಳೆ, ಎಲ್ಲಿಂದಲೋ ಹತ್ತು ಪಿಟೀಲು ಕೇಳುತ್ತದೆ. ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ಪಿಟೀಲಿನವರು ಯಾವ ಮರದ ಹಿಂದೆ ಕೂತಿದ್ದಾರೆ, ಅವರಿಗೆ ಊಟ ಹಾಕಿದವರು ಯಾರು? ಈ ಚಾಳಿ ನನಗೆ ಅಪ್ಪನಿಂದ ಬಂದದ್ದು.

ಅಪ್ಪ ಮಧುಗಿರಿಯ ಓಲಗದವನು. ಅವನು ನಾಗಸ್ವರ ಊದಿದರೆ ಚಿಕ್ಕಪ್ಪ ಡೋಲು ಬಾರಿಸುತ್ತಿದ್ದ. ಧನುರ್ಮಾಸ ಬಂತೆಂದರೆ ಮದುವೆಗಳೆಲ್ಲ ನಿಂತುಹೋಗುತ್ತಿದ್ದವು. ಆಗ ಅಪ್ಪ ವಾದ್ಯವನ್ನು ಚೀಲದಲ್ಲಿಟ್ಟು ಗೂಟಕ್ಕೆ ನೇತುಹಾಕಿ, ಚಿನ್ನದ ಗಣಿಯ ಕಡೆಗೆ ಕೂಲಿಗೆ ಹೋಗುತ್ತಿದ್ದ. ತಿರುಗಿ ಬರುತ್ತಿದ್ದದ್ದು ಶಿವರಾತ್ರಿಗೆ, ಕೆಮ್ಮಿಕೊಂಡು. ಆ ಕೆಮ್ಮು ಕೇಳಿದರೆ ಅವ್ವನ ಮುಖ ಸಣ್ಣಗಾಗುತ್ತಿತ್ತು. ನಾಗಸ್ವರದವನಿಗೆ ಎದೆಯೇ ತಾನೇ ಬಂಡವಾಳ.

ನನಗೆ ಒಂಬತ್ತೋ ಹತ್ತೋ ಇದ್ದಾಗ, ಧನುರ್ಮಾಸಕ್ಕೆ ಸರಿಯಾಗಿ ಊರಾಚೆಯ ಬಯಲಲ್ಲಿ ಸಿನಿಮಾ ಡೇರೆ ಎದ್ದಿತು. ಆಗಿನ ಸಿನಿಮಾಕ್ಕೆ ಮಾತಿರಲಿಲ್ಲ. ಪರದೆಯ ಮೇಲಿನ ಬರಹವನ್ನು ಡೇರೆಯ ಯಜಮಾನನೇ ಕೂಗಿ ಓದುತ್ತಿದ್ದ. ಪಕ್ಕದಲ್ಲಿ ಒಬ್ಬ ಹಾರ್ಮೋನಿಯಂ ನುಡಿಸುತ್ತಿದ್ದ. ಅವನು ಚಳಿಜ್ವರ ಬಂದು ಮಲಗಿದ್ದರಿಂದ ಯಜಮಾನ ನಮ್ಮ ಮನೆಗೆ ಬಂದ. ಗಣಿಗೆ ಹೊರಡಲು ಕಟ್ಟಿದ್ದ ಗಂಟನ್ನು ಅಪ್ಪ ಬಿಚ್ಚಿದ, ಚಿಕ್ಕಪ್ಪನೂ ಡೋಲು ಹೊತ್ತು ಜೊತೆಗೆ ಹೊರಟ. ಅವ್ವ ಯಜಮಾನನಿಗೆ ಎರಡು ಸಲ ಮಜ್ಜಿಗೆ ಕೊಟ್ಟಳು.

ಮೊದಲ ದಿನವೇ ರಗಳೆ. ಪರದೆಯ ಮೇಲೆ ಕುದುರೆಗಳು ಓಡುತ್ತಿವೆ, ಕತ್ತಿವರಸೆ ನಡೆದಿದೆ, ಅಪ್ಪ ಮಾತ್ರ ವಾದ್ಯವನ್ನು ತೊಡೆಯ ಮೇಲಿಟ್ಟು ಕೂತಿದ್ದಾನೆ. ಯಜಮಾನ ಓಡಿ ಬಂದ.

"ಊದಯ್ಯಾ! ಯಾಕೆ ಸುಮ್ಕೆ ಕುಂತೆ?"

"ಕುದುರೆ ಹಿಂದೆ ಓಲಗದೋರು ಎಲ್ಲವ್ರೆ ಸ್ವಾಮಿ? ಅವ್ರ ಕಿವಿಗೇ ಬೀಳದ್ನ ನಾನ್ಯಾಕೆ ಊದ್ಲಿ?"

ದೇವಸ್ಥಾನ ಬಂದರೆ ಊದಿದ, ಮೆರವಣಿಗೆ ಬಂದರೆ ಊದಿದ, ತಾಳಿ ಕಟ್ಟಿದರೆ ಊದಿದ. ನಾಯಕಿ ಅತ್ತರೆ ತಾನೂ ಕಣ್ಣೊರೆಸಿಕೊಂಡನೇ ಹೊರತು ವಾದ್ಯ ಮುಟ್ಟಲಿಲ್ಲ. ಯಜಮಾನ ತಲೆ ಚಚ್ಚಿಕೊಂಡು, ಇನ್ನೆರಡು ದಿನ ನೋಡುತ್ತೇನೆ, ಆಮೇಲೆ ನಿನ್ನ ದಾರಿ ನಿನಗೆ ಎಂದುಬಿಟ್ಟ.

"ಊದುದ್ರೆ ನಿಮ್ ಗಂಟೇನ್ ಹೋಯ್ತದೆ?" ಎಂದು ಅವ್ವ ಬೈದಳು.

"ಕಂಡಂಗೆಲ್ಲ ಊದಕ್ಕೆ ಇದೇನ್ ನಿನ್ ಒಲೆ ಊದುಗೊಳವೆಯೇನೇ?" ಎಂದ ಅಪ್ಪ.

ಅದಕ್ಕಿಂತ ದೊಡ್ಡ ಫಜೀತಿ ಕಥೆಯಲ್ಲೇ ಇತ್ತು. ನಡುವೆ ಒಬ್ಬ ದುಷ್ಟ ಮಂತ್ರಿ ನಾಯಕಿಯನ್ನು ಹೊತ್ತೊಯ್ದು ಬಲವಂತವಾಗಿ ತಾಳಿ ಕಟ್ಟುತ್ತಾನೆ. ಕೊನೆಗೆ ಅವಳು ತಾನು ಮೆಚ್ಚಿದ ರಾಜಕುಮಾರನನ್ನು ಮದುವೆಯಾಗುತ್ತಾಳೆ. ಒಬ್ಬಳಿಗೆ ಇಬ್ಬರು ಗಂಡಂದಿರೇ ಎಂದು ಹೆಂಗಸರು ಮುಖ ತಿರುಗಿಸಿದರು. ಮಾರನೆಯ ದಿನ ಅವರ ಕಡೆಯ ಚಾಪೆಗಳೆಲ್ಲ ಖಾಲಿ. ಡೇರೆ ಕೀಳುವುದೊಂದೇ ದಾರಿ ಎಂದ ಯಜಮಾನ.

ನಮ್ಮಜ್ಜಿ ತಪ್ಪನ್ನು ನೇರ ಮಗನ ತಲೆಗೇ ಕಟ್ಟಿದಳು. "ಮಂತ್ರಿ ತಾಳಿ ಕಟ್ಟೋವಾಗ ಗಟ್ಟಿಮೇಳ ಊದಿದೋನು ನೀನು ಕಣ್ಲಾ! ಆ ಮಗೀನ ಮದ್ವೆ ಮಾಡಿ ಮುಗಿಸ್ಬುಟ್ಟೆ."

ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ಜೋರಾಗಿ ನುಡಿಸುವುದೇ ಗಟ್ಟಿಮೇಳ. ಅದಿಲ್ಲದೆ ನಮ್ಮಲ್ಲಿ ಮದುವೆ ಮದುವೆಯೇ ಅಲ್ಲ. ಮೂರನೆಯ ದಿನ ಸಂಜೆ ಅಪ್ಪ ಅಜ್ಜಿಗೆ, "ಇವತ್ತೊಂದು ದಿನ ನಿನ್ ಜತೆಯೋರ್ನ ಕರ್ಕೊಂಡು ಬಾರವ್ವ" ಎಂದಷ್ಟೇ ಹೇಳಿದ.

ಆ ರಾತ್ರಿ ಮಂತ್ರಿ ತಾಳಿ ಎತ್ತಿದ. ಪರದೆಯ ಪುರೋಹಿತ ಗಟ್ಟಿಮೇಳಕ್ಕೆ ಕೈ ಬೀಸಿದ. ಅಪ್ಪ ನಾಗಸ್ವರವನ್ನು ತೊಡೆಗಿಳಿಸಿ, ಚಿಕ್ಕಪ್ಪನ ಡೋಲಿನ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಪುರೋಹಿತ ಬೀಸುತ್ತಲೇ ಇದ್ದ. ಡೇರೆ ಗಪ್‌ಚಿಪ್. ಯಜಮಾನ ಅಪ್ಪನನ್ನು ಈಗಲೇ ಓಡಿಸುತ್ತಾನೆ ಎಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಂದು ಭಾರಿ ಸೀನು!

ಅಜ್ಜಿ ಎದ್ದು ನಿಂತಳು. "ಗಟ್ಟಿಮೇಳ ಇಲ್ಲ, ಮ್ಯಾಲೊಂದು ಸೀನು! ಇದು ಮದ್ವೇನೇ ಅಲ್ಲ ಕಣ್ರವ್ವಾ!"

ಡೇರೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಸೀನಿದ್ದು ಅಜ್ಜಿಯೇ ಎಂದು ನನಗೆ ಗುಮಾನಿ. ನಶ್ಯದ ಡಬ್ಬಿ ಅವಳ ಕೈಯಲ್ಲೇ ಇತ್ತು. ಕೊನೆಯಲ್ಲಿ ರಾಜಕುಮಾರ ತಾಳಿ ಕಟ್ಟುವಾಗ ಅಪ್ಪ, ಚಿಕ್ಕಪ್ಪ ಇಬ್ಬರೂ ಡೇರೆ ಹಾರಿಹೋಗುವಂತೆ ನುಡಿಸಿದರು. ಮಾರನೆಯ ದಿನ ದೂರದ ಐ.ಡಿ.ಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಹೆಂಗಸರು ಬಂದರು, ಸೆರಗಿನಲ್ಲಿ ಅಕ್ಷತೆ ಗಂಟು ಹಾಕಿಕೊಂಡು.

ಹಾರ್ಮೋನಿಯಂನವನ ಜ್ವರ ಬಿಟ್ಟ ಮೇಲೂ ಯಜಮಾನ ಅಪ್ಪನನ್ನು ಬಿಡಲಿಲ್ಲ. "ಪರದೆ ಒಳಗಿನೋರಿಗೆ ನೀನು ಊದು, ಹೊರಗಿನೋರಿಗೆ ಇವ್ನು ನುಡಿಸ್ಲಿ" ಎಂದು ಇಬ್ಬರಿಗೂ ಕೆಲಸ ಹಂಚಿದ. ಡೇರೆ ಕೊರಟಗೆರೆಗೆ ಹೋದಾಗ ಅಪ್ಪನೂ ಹೋದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

"ಊದಿದ್ದಕ್ಕೆ ಎಲ್ರೂ ಕೊಡ್ತಾರೆ. ಊದ್ದೆ ಕುಂತಿದ್ದಕ್ಕೆ ಕೊಟ್ಟೋನು ಇವನೊಬ್ನೇ" ಎಂದು ನಗುತ್ತಿದ್ದ. ನಗುವಾಗ ಕೆಮ್ಮು ಬರುತ್ತಿರಲಿಲ್ಲ.

ಸಂಕ್ರಾಂತಿಗೆ ಅಪ್ಪ ಮನೆಗೆ ಬಂದ. ನಾನು ಎಳ್ಳು ಬೀರಲು ಹೋದೆ. ಡೇರೆ ಕಿತ್ತ ಮೇಲೆ ಅಪ್ಪ ಗಣಿಗೇ ಹೋಗಿರಬೇಕೆಂದುಕೊಂಡು, ಪ್ರತಿ ವರ್ಷದ ಹಾಗೆ ಎಲ್ಲರೂ, ಗಣಿಯಿಂದ ನಿಮ್ಮಪ್ಪನ ಸುದ್ದಿ ಬಂತೇನವ್ವ ಎಂದು ಕೇಳಿದರು. "ಅಪ್ಪ ಮನೇಲೇ ಅವ್ನೆ" ಎಂದೆ. ಹತ್ತು ಮನೆಗೆ ಹೋಗಬೇಕಾದವಳು, ಬರೀ ಅದನ್ನು ಹೇಳುವುದಕ್ಕೆಂದೇ ಇಪ್ಪತ್ತು ಮನೆ ಸುತ್ತಿ ಬಂದೆ.