ಮಾತಾರೆಬೆಲಿ ತಂಡದ ಪಾಯಿಂಟ್ಸ್‌ಮನ್

ಜುಂಬೇರ್ ಹದಿನಾಲ್ಕು ವರ್ಷ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಆ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಒಂದು ವ್ಯಾಗನ್ನನ್ನು ಇನ್ನೊಂದಕ್ಕೆ ಜೋಡಿಸಿದವನಲ್ಲ. ನಮ್ಮೂರು ಚಾಲಾಖೇವಿಯಲ್ಲಿ ಇದೇನು ಗುಟ್ಟಿನ ಮಾತಲ್ಲ, ಮಕ್ಕಳಿಗೂ ಗೊತ್ತಿತ್ತು.

ಮಾತಾರೆಬೆಲಿ, ಅಂದರೆ ನಮ್ಮ ಭಾಷೆಯಲ್ಲಿ ರೈಲು. ಆ ಹೆಸರಿನ ಫುಟ್‌ಬಾಲ್ ತಂಡವನ್ನು ಕಟ್ಟಿದವರೇ ಲೋಕೋ ಷೆಡ್ಡಿನ ಫಿಟ್ಟರುಗಳು. ಎಂಜಿನ್ನಿನ ಬೂದಿ ಸುರಿಯುತ್ತಿದ್ದ ಜಾಗವನ್ನು ಮಟ್ಟ ಮಾಡಿ ಮೈದಾನ ಮಾಡಿದರು, ಹಳಿಯಡಿಯ ಹಳೇ ಸ್ಲೀಪರ್ ಮರಗಳನ್ನು ಹೊತ್ತು ತಂದು ಬೆಂಚು ಹಾಕಿದರು. ಮೊದಮೊದಲು ಬೆಳಗ್ಗೆ ಎಂಜಿನ್ ತೊಳೆದವರೇ ಸಂಜೆ ಆಡುತ್ತಿದ್ದರು. ಆಮೇಲೆ ತಂಡ ದೊಡ್ಡದಾಯಿತು, ದೂರದೂರದಿಂದ ಆಟಗಾರರು ಬಂದರು. ಆದರೆ ಮಾಸ್ಕೋದ ಕಾನೂನಿನಲ್ಲಿ ದುಡ್ಡಿಗೆ ಆಡುವವನೆಂಬ ಪ್ರಾಣಿಯೇ ಇರಕೂಡದು. ಹಾಗಾಗಿ ಗೋಲ್‌ಕೀಪರ್ ಕಾಗದದ ಮೇಲೆ ಬಾಯ್ಲರ್ ಫಿಟ್ಟರ್ ಆದ, ಎಡಗಡೆ ಓಡುವ ಜುಂಬೇರ್ ಐದನೇ ದರ್ಜೆಯ ಪಾಯಿಂಟ್ಸ್‌ಮನ್ ಆದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇವನಿಗೆ ಕಾಲು ಕೆಸರಾದರೆ ಸಾಕಿತ್ತು. ರೈಲ್ವೆಯ ಸಂಬಳ, ರೈಲ್ವೆಯ ಮನೆ, ಮದುವೆಗೆ ರೈಲ್ವೆಯವರೇ ಕಳಿಸಿದ ದ್ರಾಕ್ಷಾರಸ. ಯಾರಿಗೂ ಹೊಟ್ಟೆಕಿಚ್ಚಿರಲಿಲ್ಲ. ಅವನು ಚೆಂಡು ಹಿಡಿದು ಓಡಿದರೆ ಗೋಡೆಯಾಚೆ ಶಂಟಿಂಗ್ ಎಂಜಿನ್ನೇ ನಿಂತುಬಿಡುತ್ತಿತ್ತು.

ಆಮೇಲೆ ದೇಶ ಮುರಿದುಬಿತ್ತು. ರಾಜಧಾನಿ ತಿಬಿಲಿಸಿಯ ಬೀದಿಗಳಲ್ಲೇ ಗುಂಡು ಹಾರಿತು. ಕರೆಂಟು ಹೋಯಿತು, ಗ್ಯಾಸು ಹೋಯಿತು, ತಂಡವೂ ಹೋಯಿತು. ಚಳಿಗಾಲ ಬಂದಾಗ ಜನ ಮೈದಾನದ ಬೆಂಚುಗಳನ್ನು ಕಿತ್ತು ಒಲೆಗೆ ಹಾಕಿದರು. ಸ್ಲೀಪರಿನ ಡಾಂಬರು ಹೊಗೆಗೆ ಊರಿಗೆ ಊರೇ ಕೆಮ್ಮುತ್ತಾ ಮಲಗಿತು.

ಆ ಚಳಿಗಾಲದಲ್ಲೇ ಯಾರ್ಡ್ ಮಾಸ್ತರ ಸೆವೆರಿಯಾನ್ ಅವನನ್ನು ಕರೆಸಿದ. ಅರ್ಧ ಆಳುಗಳು ಕೆಲಸ ಹುಡುಕಿಕೊಂಡು ಗ್ರೀಸಿಗೋ ರಷ್ಯಾಕ್ಕೋ ಹೋಗಿದ್ದರು, ಇನ್ನು ಕೆಲವರು ಯುದ್ಧಕ್ಕೆ.

"ನೋಡಪ್ಪ ಜುಂಬೇರ್, ಕೆಲಸ ಮಾಡೋರಿಗೆ ಮಾತ್ರ ಮನೆ ಅಂತ ಮೇಲಿಂದ ಹುಕುಂ ಬಂದಿದೆ. ಬ್ರೆಡ್ ಚೀಟಿನೂ ಅಷ್ಟೆ. ನೀನು ಐದನೇ ದರ್ಜೆಯವನು. ನಾಳೆಯಿಂದ ಯಾರ್ಡಿಗೆ ಬಾ."

"ಸೆವೆರಿಯಾನ್, ತಮಾಷೆ ಮಾಡ್ತೀಯಾ? ನಂಗೆ ಆ ಕೆಲಸದ ತಲೆ ಬುಡ ಗೊತ್ತಿಲ್ಲ."

"ಕಾಗದ ಹಾಗನ್ನಲ್ವಲ್ಲ. ಇಸಿದೋರೆ ಜೊತೆ ಹಾಕ್ತೀನಿ, ಅವನು ನೋಡ್ಕೋತಾನೆ."

ಹೆಂಡತಿ ನಾನೂಲಿ ಹಾಸಿಗೆ ಹಿಡಿದಿದ್ದಳು, ಎದೆಯಲ್ಲಿ ಕಫ ಕಟ್ಟಿತ್ತು. ಆ ಎರಡು ಕೋಣೆ ಬಿಟ್ಟರೆ ಅವಳನ್ನು ಮಲಗಿಸಲು ಜಾಗವಿರಲಿಲ್ಲ. ಜುಂಬೇರ್ ಮರುದಿನ ಹೋದ.

ಇಸಿದೋರೆ ಯಾರ್ಡಿನಲ್ಲೇ ಮುದುಕನಾದವನು. ಹೊಸಬನನ್ನು ಕಂಡು ಮಗುವಿನಂತೆ ಹಿಗ್ಗಿದ.

"ಅಯ್ಯೋ ನನ್ನ ರಾಜ, ನಿನ್ನ ಆಟ ನೋಡೋಕೆ ನಾನು ಡ್ಯೂಟಿ ತಪ್ಪಿಸ್ತಿದ್ದೆ ಕಣೋ! ಈಗ ನಿನ್ನ ಡ್ಯೂಟಿ ನಾನು ಮಾಡ್ತೀನಿ ಬಿಡು, ಲೆಕ್ಕ ಸರಿಹೋಯ್ತು."

"ನಿನ್ನ ಕಾಲಿಗೆ ಬೀಳ್ತೀನಿ ದೊಡ್ಡಪ್ಪ, ನೆಟ್ಟಗೆ ಹೇಳ್ಕೊಡು."

ಮುದುಕ ಹೇಳಿಕೊಟ್ಟ. ಬ್ರೇಕಿನ ರಬ್ಬರು ಪೈಪು ಸಿಕ್ಕಿಸುವುದು, ಗಾಲಿಯ ಅಡಿಗೆ 'ಬೂಟು' ಕೊಡುವುದು. ನಿಂತ ವ್ಯಾಗನ್ನು ಉರುಳದಂತೆ ಹಳಿಯ ಮೇಲೆ ಇಡುವ ಕಬ್ಬಿಣದ ಅಡ್ಡಕ್ಕೆ ರೈಲಿನವರು ಹಾಗನ್ನುತ್ತಾರೆ. ಘಾಟಿಯ ಬುಡದ ಊರು ನಮ್ಮದು, ಯಾರ್ಡು ಚಪ್ಪಟೆಯಾಗಿ ಕಂಡರೂ ಪೂರ್ವಕ್ಕೆ ಇಳಿಜಾರು. ಕಣ್ಣಿಗೆ ಕಾಣಿಸದು, ಅಲ್ಲೇ ಸವೆದವರ ಪಾದಕ್ಕೆ ಗೊತ್ತು. ಐದನೇ ಸಾಲೊಂದು ಮಾತ್ರ ತಿರುಗಾಮುರುಗಾ, ಅದು ಪಶ್ಚಿಮಕ್ಕೆ ಇಳಿಯುತ್ತದೆ. ಜುಂಬೇರ್ ಬೂಟು ಕೊಟ್ಟ ಕಡೆಯೆಲ್ಲ ಇಸಿದೋರೆ ಹಿಂದೆಯೇ ಬಂದು, ಬಗ್ಗಿ ನೋಡಿ, ತಪ್ಪಿದ್ದರೆ ತುಟಿ ಪಿಟಕ್ಕೆನ್ನದೆ ಸರಿಪಡಿಸಿ ಹೋಗುತ್ತಿದ್ದ.

ಉಳಿದವರು ಸುಮ್ಮನಿರಬೇಕಲ್ಲ. "ಏನ್ ಇಸಿದೋರೆ, ಲೆಫ್ಟ್ ವಿಂಗರಿಗೆ ಆಯಾ ಕೆಲಸಕ್ಕೆ ಸೇರ್ಕೊಂಡ್ಯಾ?" ಎಂದು ಎಂಜಿನ್ ಮೇಲಿಂದ ಕೂಗುತ್ತಿದ್ದರು. ಸಾವಿರಾರು ಜನರಿಂದ ಚಪ್ಪಾಳೆ ಗಿಟ್ಟಿಸಿದವನು ಜುಂಬೇರ್, ನಗೆಪಾಟಲಾಗುವುದು ಅಭ್ಯಾಸವಿರಲಿಲ್ಲ. ಆ ದಿನ ಮಂಜು ಬಿದ್ದಿತ್ತು. ಐದನೇ ಸಾಲಿನಲ್ಲಿ ಹಿಟ್ಟಿನ ವ್ಯಾಗನ್ನಿಗೆ ಬೂಟು ಕೊಟ್ಟು ಎದ್ದ, ಇಸಿದೋರೆ ಬಗ್ಗಲು ಹೋದ.

"ಬಿಡು ದೊಡ್ಡಪ್ಪ! ನಾನೇನ್ ಮಗುವಾ? ಊರೆಲ್ಲ ನಗ್ತಿದೆ. ಸರಿಯಾಗೇ ಕೊಟ್ಟಿದೀನಿ."

ಮುದುಕನ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ ನಕ್ಕ. "ಆಯ್ತಪ್ಪ, ನೀನೀಗ ರೈಲ್ವೆಯವನಾದೆ," ಎಂದು ಪಶ್ಚಿಮದ ಕಡೆ ಪೈಪು ಸಿಕ್ಕಿಸಲು ಆ ವ್ಯಾಗನ್ನಿಗೂ ಮುಂದಿನದಕ್ಕೂ ನಡುವೆ ನುಗ್ಗಿದ.

ಬೇರೆಲ್ಲ ಸಾಲುಗಳಂತೆ ಬೂಟು ಗಾಲಿಯ ಪೂರ್ವಕ್ಕಿತ್ತು. ವ್ಯಾಗನ್ನು ಪಶ್ಚಿಮಕ್ಕೆ ಸರಿಯಿತು. ಸರಿದಿದ್ದು ಒಂದು ಮಾರು ಕೂಡ ಅಲ್ಲ. ಇಸಿದೋರೆಯ ಎದೆ ಅಪ್ಪಚ್ಚಿಯಾಗಲು ಅಷ್ಟೇ ಸಾಕಾಯಿತು.

ಸತ್ತವನ ಊಟದಲ್ಲಿ ಲೋಬಿಯೋ ಎಂಬ ಬೀನ್ಸ್ ಕಾಳಿನ ಪಲ್ಯ, ಮೆಕ್ಕೆಜೋಳದ ರೊಟ್ಟಿ, ಯಾರೋ ಕೊಟ್ಟ ದ್ರಾಕ್ಷಾರಸ. ಪಂಕ್ತಿಯ ಹಿರಿಯ ಎದ್ದುನಿಂತು, ರೊಟ್ಟಿಯ ಮೇಲೆ ಎರಡು ಹನಿ ರಸ ಚೆಲ್ಲಿ, "ಇಸಿದೋರೆ ಪುಣ್ಯವಂತ, ಕೊನೇ ಉಸಿರು ಎಳೆದದ್ದು ನಮ್ಮ ಜುಂಬೇರ್ ತೊಡೆ ಮೇಲೆ" ಅಂದ. ಎಲ್ಲರೂ ಹೌದೆಂದರು. ಬೂಟು ಕೊಟ್ಟವನು ನಾನೆಂದು ಜುಂಬೇರನಿಗೆ ಅಲ್ಲೇ ಕಿರುಚಬೇಕೆನಿಸಿತ್ತು, ಆದರೂ ಹೇಡಿಯಂತೆ ಎಲ್ಲರ ಜೊತೆ ಲೋಟ ಎತ್ತಿದ.

ವಿಚಾರಣೆಗೆ ರಾಜಧಾನಿಯಿಂದ ಮೂವರು ಬರುತ್ತಾರೆಂಬ ಸುದ್ದಿ ಬಂತು. ಇಸಿದೋರೆಯ ಹೆಂಡತಿ ಮಕ್ವಲಾ ಕಪ್ಪು ಬಟ್ಟೆಯಲ್ಲಿ ಬಂದು ಬಾಗಿಲಲ್ಲೇ ನಿಂತಳು.

"ತಪ್ಪು ನಮ್ಮ ಯಜಮಾನರದೇ ಅಂತಾದ್ರೆ ನಂಗೆ ಪಿಂಚಣಿ ಇಲ್ವಂತೆ, ಬ್ರೆಡ್ ಚೀಟಿನೂ ಇಲ್ವಂತೆ. ನಲವತ್ತು ವರ್ಷದಲ್ಲಿ ಒಂದು ಬೂಟು ತಪ್ಪಿದವರಲ್ಲ ಅವರು. ನೀನು ಅಲ್ಲೇ ಇದ್ದೆ. ನಿಜ ಏನೋ ಅದನ್ನ ಹೇಳು ಮಗಾ. ನಾನು ಇನ್ನೇನೂ ಕೇಳಲ್ಲ."

ಅವಳು ಹೋದಮೇಲೆ ನಾನೂಲಿ ಹಾಸಿಗೆಯಿಂದಲೇ ಅಂದಳು: "ಹೇಳಿದ್ರೆ ನಿನ್ನ ಜೈಲಿಗೆ ಹಾಕ್ತಾರೆ. ಮನೆ ಹೋಗುತ್ತೆ. ನನ್ನನ್ನ ಈ ಮಂಜಲ್ಲಿ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ?" ಕೆಮ್ಮು ನಿಂತ ಮೇಲೆ ಗೋಡೆ ಕಡೆ ತಿರುಗಿ, "ಆದ್ರೂ ಹೇಳು. ಆ ಹೆಂಗಸಿನ ಮುಖ ನೋಡೋಕಾಗಲ್ಲ ನಂಗೆ," ಅಂದಳು.

ಅವನು ಹೇಳಿದ. ಸ್ಟೇಷನ್ನಿನ ತಣ್ಣನೆಯ ಕೋಣೆಯಲ್ಲಿ ಮೂವರು ಕೋಟು ಹೊದ್ದು ಕೂತಿದ್ದರು, ಪಕ್ಕದಲ್ಲಿ ಸೆವೆರಿಯಾನ್ ನೆಲ ನೋಡುತ್ತಿದ್ದ.

"ಬೂಟು ಕೊಟ್ಟೋನು ನಾನು. ತಪ್ಪು ಕಡೆಗೆ ಕೊಟ್ಟೆ. ಅವರು ನೋಡ್ತೀನಿ ಅಂದ್ರು, ನಾನೇ ಬಿಡಲಿಲ್ಲ. ನಂಗೆ ಈ ಕೆಲಸ ಗೊತ್ತಿಲ್ಲ ಸ್ವಾಮಿ. ಹದಿನಾಲ್ಕು ವರ್ಷ ಫುಟ್‌ಬಾಲ್ ಆಡ್ದೆ, ಅಷ್ಟೆ."

ಮೂವರೂ ಮುಖಮುಖ ನೋಡಿಕೊಂಡರು. ನಡುವೆ ಕೂತವನು ಕಾಗದ ಮಗುಚಿದ. "ಇಲ್ಲಿ ಐದನೇ ದರ್ಜೆ ಅಂತಿದೆ. ಪ್ರತಿ ವರ್ಷ ಪರೀಕ್ಷೆ ಪಾಸಾಗಿದೀಯ."

"ಅದೆಲ್ಲ ಸುಳ್ಳು. ಊರಲ್ಲಿ ಯಾರನ್ನಾದ್ರೂ ಕೇಳಿ. ಸೆವೆರಿಯಾನ್, ಹೇಳೋ!"

ಸೆವೆರಿಯಾನ್ ಹೌದೆಂದು ತಲೆಯಾಡಿಸಿದರೆ ತಾನೂ ಹೋಗುತ್ತಾನೆ, ಅವನ ಮೇಲಿನವನು ಹೋಗುತ್ತಾನೆ, ಸಹಿ ಹಾಕಿದವರೆಲ್ಲ ಸಾಲುಸಾಲಾಗಿ ಹೋಗುತ್ತಾರೆ. ಆ ಮೂವರಲ್ಲೇ ಒಬ್ಬನ ಸಹಿಯೂ ಅಲ್ಲಿ ಇತ್ತೋ ಏನೋ, ಬಲ್ಲವರಾರು.

ನಡುವಿನವನು ಎದ್ದುಬಂದು ಜುಂಬೇರನ ಹೆಗಲು ತಟ್ಟಿದ. "ನಿನ್ನ ಆಟ ನೋಡಿದೀನಪ್ಪ. ಮನಸ್ಸೂ ಅಷ್ಟೇ ದೊಡ್ಡದು. ಮುದುಕಿಗೆ ಪಿಂಚಣಿ ಸಿಗ್ಲಿ ಅಂತ ತಪ್ಪನ್ನ ಮೈಮೇಲೆ ಎಳ್ಕೋತಿದೀಯ. ಅದನ್ನೆಲ್ಲ ಬರ್ಕೊಳ್ಳೋಕಾಗಲ್ಲ. ಮನೆಗೆ ಹೋಗು."

"ಬರ್ಕೊಳ್ರಿ! ನಿಮ್ಮ ಮಕ್ಕಳಾಣೆ, ಬರ್ಕೊಳ್ರಿ!" ಎಂದು ಅವನು ಮೇಜು ಹಿಡಿದು ಜಗ್ಗಿದ. ಇಬ್ಬರು ಸಿಪಾಯಿಗಳು ರಟ್ಟೆ ಹಿಡಿದು ಹೊರಗೆ ಬಿಟ್ಟರು, ಅದೂ ಮರ್ಯಾದೆಯಿಂದ.

ಅದೇ ವಾರ ತೀರ್ಪು ಬಂತು. ತಪ್ಪು ಹಿರಿಯ ನೌಕರ ಇಸಿದೋರೆಯದು. ಅವನ ಜಾಗ ಖಾಲಿಯಾದ್ದರಿಂದ ಹಿರಿತನದ ಪ್ರಕಾರ ಐದನೇ ದರ್ಜೆಯ ಜುಂಬೇರನಿಗೆ ಬಡ್ತಿ.

ಅವನು ಮೊದಲು ಓಡಿದ್ದು ಮಕ್ವಲಾ ಮನೆಗೆ. ತನ್ನ ಪಾಲಿನ ಬ್ರೆಡ್ಡು ಕೈಯಲ್ಲಿತ್ತು. ಅವಳು ಬಾಗಿಲನ್ನು ಒಂದಂಗೈಯಷ್ಟು ತೆರೆದಳು.

"ಅಮ್ಮಾ, ಹೇಳಿದೆ. ಎಲ್ಲಾ ಹೇಳಿದೆ. ನಾನೇ ಕೊಂದೆ ಅಂತ ಹೇಳಿದೆ. ಅವರು ನಂಬಲಿಲ್ಲ."

ಅವಳು ಬ್ರೆಡ್ಡನ್ನು ನೋಡಲೇ ಇಲ್ಲ. ಅವನನ್ನೇ ನೋಡಿದಳು, ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಹೇಳಿದ್ದಿದ್ರೆ ನೀನು ಇವತ್ತು ಜೈಲಲ್ಲಿ ಇರ್ತಿದ್ದೆ ಕಣಪ್ಪ," ಅಂದಳು. "ನನ್ನ ಗಂಡನ ಜಾಗದಲ್ಲಿ ಅಲ್ಲ."