ರೇಟು ಹೆಚ್ಚಿಸಿ ಎಂದು ಕೇಳಿದ್ದಕ್ಕೆ

ಜೆ.ಪಿ. ನಗರದ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಮೂರು ವರ್ಷ ಟೆಸ್ಟಿಂಗ್ ಕೆಲಸ ಮಾಡಿದರೂ ನಾನು ಆ ಆಫೀಸಿನವಳಾಗಿರಲಿಲ್ಲ. ಜಯನಗರದ ಒಂದು ಏಜೆನ್ಸಿ ನನ್ನನ್ನು ಕಾಂಟ್ರ್ಯಾಕ್ಟ್ ಮೇಲೆ ಅಲ್ಲಿಗೆ ಕಳಿಸಿತ್ತು. ಆಫೀಸಿನವರು ಏಜೆನ್ಸಿಗೆ ಕೊಡುವುದು, ಏಜೆನ್ಸಿ ತನ್ನ ಪಾಲು ಹಿಡಿದುಕೊಂಡು ನನಗೆ ಕೊಡುವುದು. ದೀಪಾವಳಿಗೆ ಪರ್ಮನೆಂಟಿನವರಿಗೆ ಸ್ವೀಟ್ ಬಾಕ್ಸ್ ಹಂಚುವ ಹೊತ್ತಿಗೆ ಸರಿಯಾಗಿ ನಾವು ಕಾಂಟ್ರ್ಯಾಕ್ಟಿನವರು ಟೀ ಕುಡಿಯಲು ಎದ್ದು ಹೋಗುತ್ತಿದ್ದೆವು. ಹೋಗಿ ಎಂದು ಯಾರೂ ಹೇಳುತ್ತಿರಲಿಲ್ಲ, ನಮಗೇ ರೂಢಿಯಾಗಿತ್ತು.

ಬಿ.ಟಿ.ಎಂ.ನ ಮನೆ ಓನರ್ ಬಾಡಿಗೆ ಏರಿಸಿದಾಗ ನನಗೆ ಉಳಿದದ್ದು ಎರಡೇ ದಾರಿ: ರೇಟು ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಮಗಳ ಸ್ಕೂಲು ಬಿಡಿಸಿ ಬೇಗೂರಿನ ಆಚೆ ಮನೆ ಹುಡುಕಬೇಕು. ಏಜೆನ್ಸಿಯ ಮೇಡಂಗೆ ಫೋನ್ ಮಾಡಿದೆ. ಮಾತೆಲ್ಲ ಬೆಣ್ಣೆ. ಖಂಡಿತ ಕೇಳೋಣ, ಆದರೆ ನೀವು ಮ್ಯಾನೇಜರ್ ಹತ್ತಿರ ದುಡ್ಡಿನ ಮಾತು ಎತ್ತಕೂಡದು, ಕಾಂಟ್ರ್ಯಾಕ್ಟಿನಲ್ಲಿ ಹಾಗೇ ಇದೆ ಎಂದರು. ಮ್ಯಾನೇಜರ್ ನನ್ನ ಕೆಲಸ ಮೆಚ್ಚಿದವರು, ಒಪ್ಪಿಯೇ ಒಪ್ಪುತ್ತಾರೆಂದು ನನ್ನ ನಂಬಿಕೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಎರಡು ತಿಂಗಳು ಆಕೆ ನನ್ನ ಮೂಗಿಗೆ ತುಪ್ಪ ಸವರಿದರು.

ಅಷ್ಟರಲ್ಲಿ ಮ್ಯಾನೇಜರ್ ಕರೆದು, ಟೀಮಿಗೆ ಇನ್ನೊಬ್ಬರು ಬೇಕು, ಏಜೆನ್ಸಿ ಕಳಿಸಿದವರನ್ನು ನೀವೇ ಇಂಟರ್‌ವ್ಯೂ ಮಾಡಿ ಎಂದರು. ಮೊದಲ ಸುತ್ತಿನ ಫೋನ್ ಇಂಟರ್‌ವ್ಯೂ ಕಾಂಟ್ರ್ಯಾಕ್ಟಿನವರ ತಲೆಗೇ ಕಟ್ಟುವುದು ಅಲ್ಲಿನ ಪದ್ಧತಿ. ನನಗೋ ಹೆಮ್ಮೆ. ಜವಾಬ್ದಾರಿ ಬಂತು ಎಂದರೆ ರೇಟೂ ಬಂದ ಹಾಗೆ ಅಂದುಕೊಂಡೆ. ಫೋನಿನಲ್ಲಿ ಸಿಕ್ಕವಳು ಧಾರವಾಡದ ಕಡೆಯವಳು, ಕೆಲಸ ಬಲ್ಲವಳು. ಕೊನೆಗೆ ಅಂಜುತ್ತಲೇ ರೇಟು ಎಷ್ಟು ಕೇಳಬೇಕೆಂದು ವಿಚಾರಿಸಿದಳು.

"ಕಮ್ಮಿಗೆ ಒಪ್ಕೋಬೇಡಿ. ಆಮೇಲೆ ಇವರು ಏರ್ಸಲ್ಲ," ಎಂದೆ. ಇವಳನ್ನೇ ತೆಗೆದುಕೊಳ್ಳಿ ಎಂದು ಮ್ಯಾನೇಜರಿಗೆ ಬರೆದೆ.

ಮುಂದಿನ ವಾರ ಏಜೆನ್ಸಿ ಮೇಡಂ ಫೋನ್ ಮಾಡಿದರು. "ಕ್ಲೈಂಟ್‌ಗೆ ನಿಮ್ಮ ರೇಟ್ ಆಗಲ್ವಂತೆ ಮೇಡಂ. ನಿಮ್ಮ ಜಾಗಕ್ಕೆ ಒಬ್ರು ಸಿಕ್ಕಿದ್ದಾರೆ. ತಿಂಗಳ ಕೊನೆ ತನಕ ಅವರಿಗೆ ಕೆಲಸ ಹೇಳ್ಕೊಡಿ."

ಯಾರು ಎಂದು ನಾನು ಕೇಳಲಿಲ್ಲ. ನನ್ನ ಗುಂಡಿ ನನ್ನ ಕೈಯಲ್ಲೇ ತೋಡಿಸಿದ್ದರು. ಆ ವಾರವೇ ಸ್ಕೂಲಿಗೆ ಹೋಗಿ ಮಗಳ ಟಿ.ಸಿ. ತಂದೆ.

ಆ ಧಾರವಾಡದ ಕಡೆಯವಳೇ ಬಂದು ನನ್ನ ಪಕ್ಕವೇ ಕೂತು ಕೆಲಸ ಕಲಿತಳು. ಕೇಳಿದ್ದಕ್ಕಿಂತ ಬಹಳ ಕಮ್ಮಿಗೆ ಒಪ್ಪಿಸಿದ್ದರಂತೆ. ಒಂದು ಮಧ್ಯಾಹ್ನ ತನ್ನ ಡಬ್ಬಿಯಿಂದ ನನಗೂ ರೊಟ್ಟಿ ಕೊಟ್ಟು, "ಏಜೆನ್ಸಿಯವರು ಹೇಳಿದ್ರು ಅಕ್ಕ, ನಿಮಗ ಬ್ಯಾರೆ ಕಡೆ ಛಲೋ ರೇಟ್ ಸಿಕ್ಕೈತಂತ. ಖರೇನ್ರಿ?" ಎಂದಳು.

ಇಲ್ಲ ಎಂದಿದ್ದರೆ ಅವಳಿಗೆ ಆ ರೊಟ್ಟಿ ಇಳಿಯುತ್ತಿರಲಿಲ್ಲ. ಹೌದು ಎಂದೆ.